ಹಲ್ಲು ಕೀಳಿಸಿದ್ದೇ ಕಾರಣವಾ? ದಾವಣಗೆರೆಯ ಒಂದು ಪ್ರಕರಣ

ಮನೆಯವರು ಮೊದಲ ದಿನದಿಂದ ಹೇಳುತ್ತಿದ್ದದ್ದು ಒಂದೇ ಮಾತು. "ಹಲ್ಲು ಕೀಳ್ಸಿದ್ ಮೇಲೇ ಸರ್ ಹಿಂಗಾಗಿದ್ದು." ದವಡೆ ಹಲ್ಲು ಕಿತ್ತ ದಂತವೈದ್ಯರ ಮೇಲೆ ಅವರಿಗೆ ವಿಪರೀತ ಸಿಟ್ಟು. ರೋಗಿಯ ಅಣ್ಣ ಕೇಸ್ ಹಾಕುತ್ತೇನೆ ಎಂದೂ ಹೇಳಿದ್ದರು. ರಕ್ತದಲ್ಲಿ ಸಿಕ್ಕಿದ ಬ್ಯಾಕ್ಟೀರಿಯಾ ಬಾಯಲ್ಲಿ ವಾಸ ಮಾಡುವಂಥದ್ದು ಎಂದು ಗೊತ್ತಾದಾಗ ಆ ಅನುಮಾನ ಇನ್ನೂ ಗಟ್ಟಿಯಾಯಿತು. ಆದರೆ ಅವರದೇ ಚೀಲದಲ್ಲಿದ್ದ ಚೀಟಿಗಳ ತಾರೀಖು ಬೇರೆಯೇ ಹೇಳುತ್ತಿತ್ತು.

ನಾನು ದಾವಣಗೆರೆಯ ಒಂದು ಆಸ್ಪತ್ರೆಯ ಮೈಕ್ರೋಬಯಾಲಜಿ ಲ್ಯಾಬ್‌ನಲ್ಲಿ ಇರುವವನು. ವಾರ್ಡಿಗೆ ಹೋಗುವುದು ಕಡಿಮೆ. ಈ ಪ್ರಕರಣದಲ್ಲಿ ಹೋಗಬೇಕಾಯಿತು. ರೋಗಿಯ ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.

ರೋಗಿ ಮತ್ತು ಜ್ವರ

34 ವರ್ಷದ ಮಹಿಳೆ. ತವರು ಜಗಳೂರು ತಾಲ್ಲೂಕಿನ ಒಂದು ಹಳ್ಳಿ. ಮದುವೆಯಾಗಿ ದಾವಣಗೆರೆಗೆ ಬಂದವರು ಮಂಡಕ್ಕಿ ಭಟ್ಟಿಯಲ್ಲಿ ಕೆಲಸಕ್ಕೆ ಸೇರಿದ್ದರು. ದಿನವಿಡೀ ಬೆಂಕಿ ಮುಂದೆ ನಿಂತು ಕಾದ ಮರಳಲ್ಲಿ ಅಕ್ಕಿ ಹುರಿಯುವ ಕೆಲಸ. ಎಲೆ ಅಡಿಕೆ ಹಾಕುವ ಅಭ್ಯಾಸ, ಜೊತೆಗೆ ಕಡ್ಡಿಪುಡಿ. ಇಬ್ಬರು ಮಕ್ಕಳು, ಇಬ್ಬರೂ ಶಾಲೆಗೆ ಹೋಗುವವರು.

ನಮ್ಮಲ್ಲಿಗೆ ಬರುವ ಹೊತ್ತಿಗೆ ಜ್ವರ ಶುರುವಾಗಿ ಸುಮಾರು ಒಂಬತ್ತು ವಾರ ಆಗಿತ್ತು. ದೊಡ್ಡ ಜ್ವರವೇನಲ್ಲ. ಸಂಜೆ ಹೊತ್ತಿಗೆ ಮೈ ಬೆಚ್ಚಗಾಗುವುದು, ರಾತ್ರಿ ಬೆವರು, ಬೆಳಿಗ್ಗೆ ಎದ್ದು ಮತ್ತೆ ಭಟ್ಟಿಗೆ. ಬೆಂಕಿ ಮುಂದೆ ಕೆಲಸ ಮಾಡುವವರಿಗೆ ಮೈ ಬಿಸಿಯಾದರೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ? ಉಷ್ಣ ಅಂದುಕೊಂಡು ಎಳನೀರು ಕುಡಿದರು. ಹಸಿವು ಹೋಯಿತು. ಗಂಡ ಬೆಣ್ಣೆ ದೋಸೆ ಕಟ್ಟಿಸಿಕೊಂಡು ಬಂದರೆ ಅರ್ಧ ಬಿಟ್ಟು ಏಳುತ್ತಿದ್ದರಂತೆ. ತೂಕ 41 ಕಿಲೋಗೆ ಇಳಿದಿತ್ತು.

ಎರಡನೇ ವಾರದಲ್ಲಿ ಬಡಾವಣೆಯ ಕ್ಲಿನಿಕ್ಕಿಗೆ ಹೋದರು. ವಿಡಾಲ್ ಪರೀಕ್ಷೆ ಆಯಿತು. ಪಾಸಿಟಿವ್ ಎಂದು ಬರೆದುಕೊಟ್ಟರು. ಟೈಫಾಯಿಡ್ ಎಂದು ಒಂದು ವಾರ ಮಾತ್ರೆ. ಜ್ವರ ಇಳಿಯಿತು. ಮಾತ್ರೆ ಮುಗಿದು ನಾಲ್ಕೈದು ದಿನಕ್ಕೆ ಮತ್ತೆ ಬಂತು. ಮತ್ತೆ ಟೈಫಾಯಿಡ್, ಮತ್ತೆ ಮಾತ್ರೆ, ಈ ಸಲ ಇಂಜೆಕ್ಷನ್ ಕೂಡ.

ಇಲ್ಲಿ ಸ್ವಲ್ಪ ನಿಲ್ಲಬೇಕು. ವಿಡಾಲ್ 1896ರ ಪರೀಕ್ಷೆ. ಟೈಫಾಯಿಡ್ ಬ್ಯಾಕ್ಟೀರಿಯಾ ವಿರುದ್ಧ ರಕ್ತದಲ್ಲಿ ಪ್ರತಿಕಾಯ ಇದೆಯಾ ಅಂತ ನೋಡುತ್ತದೆ, ಅಷ್ಟೇ. ನಮ್ಮ ಊರುಗಳಲ್ಲಿ ಆರೋಗ್ಯವಾಗಿರುವವರಲ್ಲೂ ಅಷ್ಟಿಷ್ಟು ಪ್ರತಿಕಾಯ ಇದ್ದೇ ಇರುತ್ತದೆ. ಈ ರಿಪೋರ್ಟಿನಲ್ಲಿ ಇದ್ದದ್ದು 80ರ ಮಟ್ಟ. ಒಂದೇ ಸಲ ಮಾಡಿದ ಪರೀಕ್ಷೆಯಲ್ಲಿ ಅದರಿಂದ ಏನನ್ನೂ ಹೇಳಲಾಗದು. ಆದರೂ ಜ್ವರದ ಚೀಟಿ ಅಂದರೆ ವಿಡಾಲ್ ಅನ್ನುವಷ್ಟು ಅದು ರೂಢಿಯಾಗಿದೆ. ಖರ್ಚು ಕಡಿಮೆ, ಉತ್ತರ ಬೇಗ, ರೋಗಕ್ಕೆ ಒಂದು ಹೆಸರೂ ಸಿಗುತ್ತದೆ. ನನ್ನ ಮಟ್ಟಿಗೆ ಈ ಪ್ರಕರಣದ ನಿಜವಾದ ಎಡವಟ್ಟು ಇದೇ. ರಕ್ತದ ಕಲ್ಚರ್, ಅಂದರೆ ರಕ್ತದಲ್ಲಿರುವ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ, ಮಾಡದೇ ಆ್ಯಂಟಿಬಯಾಟಿಕ್ ಶುರುವಾಯಿತು. ರೋಗ ಅರೆಬರೆ ಅಡಗಿತು, ಸಾಯಲಿಲ್ಲ.

ಆರನೇ ವಾರದ ಹೊತ್ತಿಗೆ ಕೆಳಗಿನ ಬಲ ದವಡೆ ಹಲ್ಲು ನೋಯತೊಡಗಿತು. ಹುಳುಕು ಬೇರಿನ ತನಕ ಇಳಿದಿತ್ತು. ದಂತವೈದ್ಯರು ಕಿತ್ತರು, ಐದು ದಿನ ಅಮಾಕ್ಸಿಸಿಲಿನ್ ಕೊಟ್ಟರು. ಮತ್ತೆ ಅದೇ ಕಥೆ. ಮಾತ್ರೆ ಇರುವಷ್ಟು ದಿನ ಜ್ವರ ಇಲ್ಲ, ಆಮೇಲೆ ಮೊದಲಿಗಿಂತ ಜಾಸ್ತಿ. ಅದರ ನಂತರ ಮೆಟ್ಟಿಲು ಹತ್ತಿದರೆ ಏದುಸಿರು. ಒಂದು ರಾತ್ರಿ ಎಡ ಪಕ್ಕೆಯ ಕೆಳಗೆ ಚುಚ್ಚುವ ನೋವು ಬಂದು ಉಸಿರು ಎಳೆಯಲೂ ಆಗದೇ ಕುಳಿತುಬಿಟ್ಟರು. ಆಗ ಆಸ್ಪತ್ರೆಗೆ ಬಂದರು.

ವಾರ್ಡಿನಲ್ಲಿ ಕಂಡದ್ದು

ಜ್ವರ 101 ಡಿಗ್ರಿ. ಕಣ್ಣು ಬಿಳಿಚಿಕೊಂಡಿತ್ತು. ಹಿಮೋಗ್ಲೋಬಿನ್ 8.1, ಉರಿಯೂತ ತೋರಿಸುವ ಇಎಸ್‌ಆರ್ 88. ಮೂತ್ರದಲ್ಲಿ ಕೆಂಪು ರಕ್ತಕಣ. ಗುಲ್ಮ (ಹೊಟ್ಟೆಯ ಎಡ ಮೇಲ್ಭಾಗದ ಸ್ಪ್ಲೀನ್) ಊದಿಕೊಂಡು ಕೈಗೆ ಸಿಗುತ್ತಿತ್ತು. ಎದೆಗೆ ಸ್ಟೆಥೋಸ್ಕೋಪ್ ಇಟ್ಟರೆ ಹೃದಯದ ಎಡಭಾಗದ ಕವಾಟ, ಅಂದರೆ ಮೈಟ್ರಲ್ ವಾಲ್ವ್, ಸೋರುವ ಶಬ್ದ ಚೆನ್ನಾಗಿ ಕೇಳುತ್ತಿತ್ತು.

ಬೆರಳ ತುದಿಯಲ್ಲಿ ಕೆಂಪಗೆ, ಮುಟ್ಟಿದರೆ ನೋಯುವ ಸಣ್ಣ ಗಂಟುಗಳಿದ್ದವು. ಕಾದ ಮರಳು ಸಿಡಿದು ಸುಟ್ಟದ್ದು ಅಂತ ರೋಗಿಯೇ ಹೇಳಿದರು. ನಂಬುವಂಥ ಮಾತೇ. ಭಟ್ಟಿಯವರ ಕೈಯಲ್ಲಿ ಅಂಥ ಗಾಯ ಹೊಸದಲ್ಲ. ಆದರೆ ಗಂಟುಗಳ ಮೇಲೆ ಚರ್ಮ ಹಾಗೇ ಇತ್ತು, ಗುಳ್ಳೆ ಇಲ್ಲ, ಸಿಪ್ಪೆ ಎದ್ದಿಲ್ಲ. ಎರಡು ಉಗುರುಗಳ ಅಡಿಯಲ್ಲಿ ಸಿಬಿರು ಚುಚ್ಚಿದಂಥ ಕಪ್ಪು ಗೆರೆಗಳೂ ಇದ್ದವು. ವಾರಗಟ್ಟಲೆ ಜ್ವರ, ಹೃದಯದ ಶಬ್ದ, ಬೆರಳಲ್ಲಿ ನೋವಿನ ಗಂಟು. ಮೂರೂ ಒಟ್ಟಿಗೆ ಇದ್ದರೆ ವೈದ್ಯರ ಮನಸ್ಸು ಒಂದೇ ಕಡೆ ಹೋಗುತ್ತದೆ. ಹೃದಯದ ಒಳಪದರದ ಸೋಂಕು, ಅಂದರೆ ಎಂಡೋಕಾರ್ಡೈಟಿಸ್. ಈ ನೋವಿನ ಗಂಟುಗಳಿಗೆ ವಿಲಿಯಂ ಆಸ್ಲರ್ ಹೆಸರೇ ಇದೆ. 1885ರಲ್ಲಿ ಲಂಡನ್‌ನಲ್ಲಿ ಕೊಟ್ಟ ಉಪನ್ಯಾಸಗಳಲ್ಲಿ ಈ ರೋಗವನ್ನು ಸಮಗ್ರವಾಗಿ ವಿವರಿಸಿದವರು ಅವರು.

ಎಕೋ, ಅಂದರೆ ಹೃದಯದ ಅಲ್ಟ್ರಾಸೌಂಡ್, ಮಾಡಿದಾಗ ಮೈಟ್ರಲ್ ವಾಲ್ವ್ ದಪ್ಪಗಾಗಿ ಮುದುಡಿತ್ತು. ಮಧ್ಯಮ ಮಟ್ಟದ ಸೋರಿಕೆ. ಅದರ ಮುಂದಿನ ಎಸಳಿಗೆ ಅಂಟಿಕೊಂಡು 8 ಮಿಲಿಮೀಟರ್‌ನ ಒಂದು ಮುದ್ದೆ ಓಲಾಡುತ್ತಿತ್ತು. ಪಕ್ಕೆ ನೋವಿನ ಕಾರಣ ಸಿಟಿ ಸ್ಕ್ಯಾನ್‌ನಲ್ಲಿ ಗೊತ್ತಾಯಿತು. ಆ ಮುದ್ದೆಯ ಚೂರು ಕಿತ್ತು ರಕ್ತದ ಜೊತೆ ಹೋಗಿ ಗುಲ್ಮದ ಒಂದು ರಕ್ತನಾಳವನ್ನು ಮುಚ್ಚಿತ್ತು. ಅದೇ ಚೂರು ಮಿದುಳಿಗೆ ಹೋಗಿದ್ದರೆ ಪಾರ್ಶ್ವವಾಯು.

ದಪ್ಪಗಾಗಿ ಮುದುಡಿದ ವಾಲ್ವ್ ಒಂದು ವಾರ, ಒಂದು ತಿಂಗಳಿನ ಕೆಲಸ ಅಲ್ಲ. ಚಿಕ್ಕಂದಿನಲ್ಲಿ ಏನಾದರೂ ಆಗಿತ್ತಾ ಅಂತ ಕೇಳಿದಾಗ ಮೊದಲು ಇಲ್ಲ ಅಂದರು. ಕೀಲು ನೋವು ಬಂದಿತ್ತಾ ಅಂತ ಬಿಡಿಸಿ ಕೇಳಿದ ಮೇಲೆ ನೆನಪಾಯಿತು. ಹತ್ತು ಹನ್ನೊಂದು ವರ್ಷದವರಿದ್ದಾಗ ಮಂಡಿ ಊದಿತ್ತು. ಅದು ಇಳಿದ ಮೇಲೆ ಹಿಮ್ಮಡಿ ಗಂಟು, ಆಮೇಲೆ ಮೊಣಕೈ. "ತಿಂಗ್ಳಿಗೊಂದ್ ಸಲ ಸೊಂಟಕ್ಕೆ ಇಂಜೆಕ್ಷನ್ ಕೊಡೋರು. ಎರಡ್ ದಿನ ಕುಂಟ್ಕೊಂಡ್ ಓಡಾಡ್ಬೇಕು. ನೋವು ಹೋಯ್ತಲ್ಲ ಅಂತ ಬಿಟ್ವಿ." ಒಂದು ವರ್ಷ ತೆಗೆದುಕೊಂಡು ನಿಲ್ಲಿಸಿದ್ದರು. ಆ ಇಂಜೆಕ್ಷನ್ ಬೆಂಜಥೀನ್ ಪೆನಿಸಿಲಿನ್. ರೋಗ ರುಮ್ಯಾಟಿಕ್ ಜ್ವರ, ವಾಲ್ವ್ ಕೆಡಿಸುವಂಥದ್ದು.

ಲ್ಯಾಬಿನ ಭಾಗ

ಇಲ್ಲಿಂದ ನನ್ನ ಕೆಲಸ. ಎಂಡೋಕಾರ್ಡೈಟಿಸ್ ಅನುಮಾನ ಬಂದರೆ ಔಷಧಿಗೆ ಮುಂಚೆ ಬೇರೆ ಬೇರೆ ಕಡೆಯಿಂದ ಮೂರು ಸಲ ರಕ್ತ ತೆಗೆದು ಕಲ್ಚರ್‌ಗೆ ಹಾಕಬೇಕು. ಜ್ವರ ಏರಿದಾಗಲೇ ತೆಗೆಯಬೇಕು ಅಂತೇನೂ ಇಲ್ಲ. ವಾಲ್ವ್ ಮೇಲಿನ ಮುದ್ದೆಯಿಂದ ಬ್ಯಾಕ್ಟೀರಿಯಾ ದಿನದ 24 ಗಂಟೆಯೂ ರಕ್ತಕ್ಕೆ ಉದುರುತ್ತಿರುತ್ತದೆ. ಆದರೆ ಸಂಖ್ಯೆ ಕಡಿಮೆ. ಬಹಳ ಸಲ ಒಂದು ಮಿಲಿ ರಕ್ತದಲ್ಲಿ ಕೈಬೆರಳಲ್ಲಿ ಎಣಿಸುವಷ್ಟು. ಅದಕ್ಕೇ ದೊಡ್ಡವರಲ್ಲಿ ಒಂದೊಂದು ಬಾಟಲಿಗೆ 8ರಿಂದ 10 ಮಿಲಿ ಬೇಕು ಅನ್ನುವುದು. ವಾರ್ಡಿನಿಂದ 3 ಮಿಲಿ ಹಾಕಿ ಕಳಿಸುತ್ತಾರೆ, ಆಮೇಲೆ ಏನೂ ಬೆಳೆಯಲಿಲ್ಲ ಅಂತ ಲ್ಯಾಬಿಗೆ ಫೋನ್ ಮಾಡುತ್ತಾರೆ. ಈ ಜಗಳ ಎಲ್ಲ ಆಸ್ಪತ್ರೆಯಲ್ಲೂ ಇದ್ದದ್ದೇ.

ದಾಖಲಾದ ದಿನ ತೆಗೆದ ರಕ್ತದಲ್ಲಿ ಏನೂ ಬೆಳೆಯಲಿಲ್ಲ. ಹಿಂದಿನ ದಿನದ ತನಕ ಯಾವುದೋ ಆ್ಯಂಟಿಬಯಾಟಿಕ್ ಹೊಟ್ಟೆಯಲ್ಲಿತ್ತು. ಆಗ ಫಿಸಿಷಿಯನ್ ಒಂದು ಗಟ್ಟಿ ನಿರ್ಧಾರ ಮಾಡಿದರು. ಹೃದಯ ಸೋತಿಲ್ಲ, ಬಿಪಿ ಸರಿಯಿದೆ, ರೋಗ ಎರಡು ತಿಂಗಳಿನದು. ಮೂರು ದಿನ ಆ್ಯಂಟಿಬಯಾಟಿಕ್ ಕೊಡುವುದೇ ಬೇಡ, ಕಾಯೋಣ. ಆಸ್ಪತ್ರೆಗೆ ಸೇರಿಸಿ ಔಷಧಿ ಕೊಡದೇ ಸುಮ್ನೆ ಮಲಗಿಸಿದ್ದಾರೆ ಅಂತ ಮನೆಯವರು ಕೂಗಾಡಿದರು. ನಾನು ವಾರ್ಡಿಗೆ ಹೋದದ್ದು ಆಗಲೇ. ಯಾವ ಬ್ಯಾಕ್ಟೀರಿಯಾ ಅಂತ ತಿಳಿಯದೇ ನಾಲ್ಕು ವಾರ ಔಷಧಿ ಕೊಡುವುದು, ತಿಳಿದು ಕೊಡುವುದು, ಇವೆರಡರ ವ್ಯತ್ಯಾಸವನ್ನು ಅಣ್ಣನಿಗೆ ಕೂರಿಸಿಕೊಂಡು ಹೇಳಿದೆ. ಅವರು ಒಪ್ಪಿದ್ದಕ್ಕಿಂತ ಸುಸ್ತಾಗಿ ಬಿಟ್ಟುಕೊಟ್ಟರು ಅನ್ನಬಹುದು.

ಆಮೇಲೆ ತೆಗೆದ ಮೂರು ಜೊತೆ ಬಾಟಲಿಗಳಲ್ಲೂ ಬೆಳೆಯಿತು. ಸ್ಲೈಡಿನಲ್ಲಿ ನೇರಳೆ ಬಣ್ಣದ ದುಂಡು ಕಣಗಳ ಸರಪಳಿ. ರಕ್ತ ಬೆರೆಸಿದ ಅಗಾರ್ ತಟ್ಟೆಯ ಮೇಲೆ ಚುಕ್ಕಿಯಂಥ ಗುಂಪುಗಳು, ಪ್ರತಿಯೊಂದರ ಸುತ್ತ ಹಸಿರು ಮಬ್ಬು. ಕ್ಯಾಟಲೇಸ್ ಎಂಬ ಕಿಣ್ವ ಇಲ್ಲ. ಆಪ್ಟೋಚಿನ್ ಎಂಬ ರಾಸಾಯನಿಕದ ಬಿಲ್ಲೆಗೆ ಬಗ್ಗಲಿಲ್ಲ, ಪಿತ್ತದ ಲವಣದಲ್ಲಿ ಕರಗಲಿಲ್ಲ. ಹಾಗಾಗಿ ನ್ಯುಮೋನಿಯಾ ತರುವ ಸ್ಟ್ರೆಪ್ಟೋಕಾಕಸ್ ಅಲ್ಲ. ಕೊನೆಗೆ ಬಂದ ಹೆಸರು ಸ್ಟ್ರೆಪ್ಟೋಕಾಕಸ್ ಸ್ಯಾಂಗ್ವಿನಿಸ್. ಪೆನಿಸಿಲಿನ್ನಿಗೆ ಬಗ್ಗುವ ತಳಿ, ಬೆಳವಣಿಗೆ ನಿಲ್ಲಿಸಲು ಬೇಕಾದ ಔಷಧಿಯ ಕನಿಷ್ಠ ಪ್ರಮಾಣ, ಅಂದರೆ ಎಂಐಸಿ, 0.06.

ಈ ಗುಂಪಿನ ಬ್ಯಾಕ್ಟೀರಿಯಾ ಒಂದೇ ಬಾಟಲಿಯಲ್ಲಿ ಬೆಳೆದಿದ್ದರೆ ನಾನೇ ಅನುಮಾನ ಪಡುತ್ತಿದ್ದೆ. ರಕ್ತ ತೆಗೆಯುವಾಗ ಹೊರಗಿನಿಂದ ಬೆರೆತದ್ದಿರಬಹುದು. ಬೇರೆ ಬೇರೆ ರಕ್ತನಾಳ, ಬೇರೆ ಬೇರೆ ಹೊತ್ತು, ಮೂರರಲ್ಲೂ ಒಂದೇ ಜಾತಿ ಅಂದರೆ ವಾದಕ್ಕೆ ಜಾಗ ಇಲ್ಲ. ಎಂಡೋಕಾರ್ಡೈಟಿಸ್ ಗುರುತಿಸಲು ಬಳಸುವ ಡ್ಯೂಕ್ ಮಾನದಂಡದಲ್ಲಿ ಎರಡು ದೊಡ್ಡ ಸಾಕ್ಷಿ ಇದ್ದರೆ ರೋಗ ಖಚಿತ. ಇಲ್ಲಿ ಕಲ್ಚರ್ ಒಂದು, ಎಕೋದಲ್ಲಿ ಕಂಡ ಮುದ್ದೆ ಇನ್ನೊಂದು.

ಬಾಯಲ್ಲಿ ಒಳ್ಳೆಯದೇ

ಸ್ಯಾಂಗ್ವಿನಿಸ್ ಕಂಡರೆ ನನಗೆ ಒಂಥರಾ ಅಯ್ಯೋ ಅನ್ನಿಸುತ್ತದೆ. ಬಾಯಲ್ಲಿ ಅದು ಕೆಟ್ಟದ್ದಲ್ಲ. ಮನುಷ್ಯರ ಬಾಯಲ್ಲಿ ಇದುವರೆಗೆ 700ಕ್ಕೂ ಹೆಚ್ಚು ಜಾತಿಯ ಬ್ಯಾಕ್ಟೀರಿಯಾ ಗುರುತಾಗಿವೆ. ಅದರಲ್ಲಿ ಸ್ಟ್ರೆಪ್ಟೋಕಾಕಸ್ ಕುಲದ್ದೇ ದೊಡ್ಡ ಪಾಲು. ಮಗು ಹುಟ್ಟಿದ ಕೆಲವೇ ದಿನಕ್ಕೆ ಸಲೈವೇರಿಯಸ್ ಎಂಬ ಜಾತಿ ಬಂದು ನಾಲಿಗೆ ಮೇಲೆ ಕೂರುತ್ತದೆ. ಸ್ಯಾಂಗ್ವಿನಿಸ್‌ಗೆ ಹಲ್ಲೇ ಬೇಕು. ಮೊದಲ ಹಲ್ಲು ಮೂಡುವ ತನಕ ಅದು ಸಾಮಾನ್ಯವಾಗಿ ಕಾಣುವುದಿಲ್ಲ. ಹಲ್ಲೆಲ್ಲ ಬಿದ್ದುಹೋದ ಮುದುಕರ ಬಾಯಿಂದ ಹೋಗಿಬಿಡುತ್ತದೆ, ಸೆಟ್ ಹಲ್ಲು ಹಾಕಿಸಿದರೆ ಮತ್ತೆ ಬರುತ್ತದೆ.

ಹಲ್ಲು ಉಜ್ಜಿದ ಕೆಲವೇ ನಿಮಿಷಕ್ಕೆ ಜೊಲ್ಲಿನ ಪ್ರೋಟೀನ್ ಹಲ್ಲಿನ ಮೇಲೆ ತೆಳು ಪದರ ಕಟ್ಟುತ್ತದೆ. ಅದರ ಮೇಲೆ ಮೊದಲು ಬಂದು ಅಂಟುವವರಲ್ಲಿ ಸ್ಯಾಂಗ್ವಿನಿಸ್, ಗೋರ್ಡೋನಿ, ಮೈಟಿಸ್, ಓರಾಲಿಸ್ ಇವೆ. ಹಲ್ಲು ಹುಳುಕು ಮಾಡುವ ಮ್ಯೂಟನ್ಸ್ ಆಮೇಲಿನದು. ಮ್ಯೂಟನ್ಸ್‌ಗೆ ಸಕ್ಕರೆ ಸಿಕ್ಕರೆ ಒಂದು ಕಡೆ ಅಂಟು ತಯಾರಿಸುತ್ತದೆ, ಇನ್ನೊಂದು ಕಡೆ ಲ್ಯಾಕ್ಟಿಕ್ ಆಮ್ಲ. ಹಲ್ಲಿನ ಮೇಲಿನ ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದರೆ ಎನಾಮೆಲ್ ಕರಗತೊಡಗುತ್ತದೆ. ಈ ಮ್ಯೂಟನ್ಸ್‌ಗೆ ಸ್ಯಾಂಗ್ವಿನಿಸ್ ಅಡ್ಡಗಾಲು. ಅದು ಹೈಡ್ರೋಜನ್ ಪೆರಾಕ್ಸೈಡ್ ಬಿಡುತ್ತದೆ, ಮ್ಯೂಟನ್ಸ್‌ಗೆ ಅದನ್ನು ತಡೆಯುವ ಶಕ್ತಿ ಕಡಿಮೆ. ನನ್ನ ತಟ್ಟೆಯ ಮೇಲೆ ಕಂಡ ಹಸಿರು ಮಬ್ಬು ಕೂಡ ಇದೇ ಪೆರಾಕ್ಸೈಡ್ ರಕ್ತದ ಹಿಮೋಗ್ಲೋಬಿನ್ನನ್ನು ಕೆಡಿಸಿದ ಗುರುತು.

ಹಾಗಾಗಿ "ಬಾಯಲ್ಲಿರೋ ಕ್ರಿಮಿ ಎಲ್ಲಾ ಸಾಯಿಸೋ ಮೌತ್‌ವಾಶ್ ಬರ್ಕೊಡಿ" ಅಂತ ಅಣ್ಣ ಕೇಳಿದಾಗ ಬೇಡ ಅಂದೆವು. ಎಲ್ಲವನ್ನೂ ಸಾಯಿಸಲು ಆಗುವುದೂ ಇಲ್ಲ, ಆಗಬಾರದೂ ಕೂಡ. ಜಾಗ ಖಾಲಿಯಾದರೆ ಅಲ್ಲಿಗೆ ಬರುವವರು ಯಾರು ಅನ್ನುವುದು ನಮ್ಮ ಕೈಯಲ್ಲಿಲ್ಲ.

ತೊಂದರೆ ಇರುವುದು ಬ್ಯಾಕ್ಟೀರಿಯಾ ಜಾಗ ಬಿಟ್ಟು ಹೋದಾಗ. ಇದೇ ಕುಲದ ಇಂಟರ್‌ಮೀಡಿಯಸ್ ಎಂಬುದು ಮಿದುಳಿನಲ್ಲಿ, ಲಿವರ್‌ನಲ್ಲಿ ಕೀವು ಕಟ್ಟಿಸಬಲ್ಲದು. ಕ್ಯಾನ್ಸರ್ ಔಷಧಿಯಿಂದ ಬಿಳಿ ರಕ್ತಕಣ ಕುಸಿದವರಲ್ಲಿ ಮೈಟಿಸ್ ರಕ್ತಕ್ಕೆ ನುಗ್ಗಿ ಜೀವಕ್ಕೇ ಕುತ್ತು ತರಬಹುದು. ಸ್ಯಾಂಗ್ವಿನಿಸ್‌ನ ಅಪಾಯ ಹೃದಯಕ್ಕೆ. ಅದರ ಮೈಮೇಲಿನ ಕೆಲವು ಪ್ರೋಟೀನುಗಳು ರಕ್ತದ ಪ್ಲೇಟ್‌ಲೆಟ್‌ಗೆ ಗಟ್ಟಿಯಾಗಿ ಅಂಟುತ್ತವೆ. ನುಣುಪಾದ ಆರೋಗ್ಯವಂತ ವಾಲ್ವ್ ಮೇಲೆ ಪ್ಲೇಟ್‌ಲೆಟ್ ನಿಲ್ಲುವುದಿಲ್ಲ, ಬ್ಯಾಕ್ಟೀರಿಯಾಕ್ಕೂ ಹಿಡಿತ ಸಿಗುವುದಿಲ್ಲ. ಕೆಟ್ಟ ವಾಲ್ವ್ ಮೇಲೆ ಪ್ಲೇಟ್‌ಲೆಟ್ ಮತ್ತು ಫೈಬ್ರಿನ್ ಸೇರಿ ಸಣ್ಣ ಹೆಪ್ಪು ಕಟ್ಟಿರುತ್ತದೆ. ಬ್ಯಾಕ್ಟೀರಿಯಾ ಅಲ್ಲಿ ಕೂರುತ್ತದೆ, ಅದರ ಮೇಲೆ ಮತ್ತೊಂದು ಪದರ ಹೆಪ್ಪು. ಒಳಗೆ ಬಿಳಿ ರಕ್ತಕಣಗಳು ಹೋಗಲಾರವು. ಒಂದು ಗ್ರಾಂ ಮುದ್ದೆಯಲ್ಲಿ ನೂರು ಕೋಟಿಗೂ ಮೀರಿ ಬ್ಯಾಕ್ಟೀರಿಯಾ ಇರಬಹುದು.

ಆ ವಾಲ್ವ್ ಕೆಟ್ಟಿದ್ದು ಯಾಕೆ? ಅದಕ್ಕೂ ಒಂದು ಸ್ಟ್ರೆಪ್ಟೋಕಾಕಸ್ಸೇ ಕಾರಣ. ಹೆಸರು ಪಯೋಜೆನಿಸ್. ಇದು ಬಾಯಿಯ ಕಾಯಂ ನಿವಾಸಿಯಲ್ಲ, ಮಕ್ಕಳ ಗಂಟಲು ನೋವಿನ ಬ್ಯಾಕ್ಟೀರಿಯಾ. ಅದರ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯಗಳು ಕೆಲವು ಮಕ್ಕಳಲ್ಲಿ ದಾರಿ ತಪ್ಪಿ ತಮ್ಮದೇ ಹೃದಯ, ಕೀಲುಗಳ ಮೇಲೆ ಬೀಳುತ್ತವೆ. ಅದೇ ರುಮ್ಯಾಟಿಕ್ ಜ್ವರ. ಕೀಲು ನೋವು ಗುರುತು ಉಳಿಸದೇ ಹೋಗುತ್ತದೆ, ವಾಲ್ವ್ ಮಾತ್ರ ಉಳಿದ ಜೀವನಪೂರ್ತಿ ಕೆಟ್ಟಿರುತ್ತದೆ. ಗಂಟಲು ನೋವು ಶುರುವಾಗಿ ಒಂಬತ್ತು ದಿನದೊಳಗೆ ಪೆನಿಸಿಲಿನ್ ಸಿಕ್ಕರೂ ಇದನ್ನು ತಡೆಯಬಹುದು. ಇವರ ಹಳ್ಳಿಯಲ್ಲಿ ಗಂಟಲು ನೋವಿಗೆ ಅರಿಶಿನ ಹಾಕಿದ ಬಿಸಿ ಹಾಲು ಸಿಕ್ಕಿತ್ತು. ಇಪ್ಪತ್ತಕ್ಕೂ ಹೆಚ್ಚು ವರ್ಷದ ಹಿಂದೆ ಪಯೋಜೆನಿಸ್ ನೆಲ ಹದ ಮಾಡಿಟ್ಟಿತು, ಈಗ ಸ್ಯಾಂಗ್ವಿನಿಸ್ ಬಂದು ಬೇರು ಬಿಟ್ಟಿತು.

ಹಾಗಾದರೆ ಹಲ್ಲು ಕಿತ್ತದ್ದು?

ಅಣ್ಣನ ಆರೋಪ ಆಧಾರವಿಲ್ಲದ್ದೇನಲ್ಲ. 1935ರಲ್ಲಿ ಲಂಡನ್ನಿನ ಓಕೆಲ್ ಮತ್ತು ಎಲಿಯಟ್ ಎಂಬ ವೈದ್ಯರು ಹಲ್ಲು ಕಿತ್ತ ತಕ್ಷಣ ರಕ್ತ ತೆಗೆದು ನೋಡಿ, ಅದರಲ್ಲಿ ಸ್ಟ್ರೆಪ್ಟೋಕಾಕಸ್ ಇರುವುದನ್ನು ತೋರಿಸಿದ್ದರು. 1955ರಿಂದ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಇಂಥವರಿಗೆ ಹಲ್ಲಿನ ಚಿಕಿತ್ಸೆಗೆ ಮುಂಚೆ ಆ್ಯಂಟಿಬಯಾಟಿಕ್ ಕೊಡಿ ಎಂದು ಹೇಳುತ್ತಾ ಬಂತು. ಹೃದಯದ ತೊಂದರೆ ಇದ್ದವರು ಹಲ್ಲು ಕೀಳಿಸಬಾರದು ಅನ್ನುವ ಭಯ ಜನರಲ್ಲಿ ಬೇರೂರಿದ್ದು ಹೀಗೆ.

2008ರಲ್ಲಿ ಅಮೆರಿಕದಲ್ಲಿ ಒಂದು ಒಳ್ಳೆಯ ಅಧ್ಯಯನ ಪ್ರಕಟವಾಯಿತು. 290 ಜನ. ಆ್ಯಂಟಿಬಯಾಟಿಕ್ ಇಲ್ಲದೇ ಹಲ್ಲು ಕಿತ್ತವರಲ್ಲಿ ನೂರಕ್ಕೆ 60 ಜನರ ರಕ್ತದಲ್ಲಿ ಬ್ಯಾಕ್ಟೀರಿಯಾ ಸಿಕ್ಕಿತು. ಅಮಾಕ್ಸಿಸಿಲಿನ್ ಕೊಟ್ಟು ಕಿತ್ತವರಲ್ಲಿ 33. ಬರೀ ಬ್ರಷ್ ಮಾಡಿದವರಲ್ಲಿ 23. ಹಲ್ಲು ಕೀಳಿಸುವುದು ಜೀವಮಾನದಲ್ಲಿ ನಾಲ್ಕಾರು ಸಲ. ಉಜ್ಜುವುದು ದಿನಾ. ಎರಡನ್ನೂ ಕೂಡಿಸಿ ನೋಡಿದರೆ ರಕ್ತಕ್ಕೆ ಹೋಗುವ ಬ್ಯಾಕ್ಟೀರಿಯಾದಲ್ಲಿ ದಿನನಿತ್ಯದ ಪಾಲೇ ಎಷ್ಟೋ ಪಟ್ಟು ಜಾಸ್ತಿ. ಅದೇ ತಂಡದ ಮುಂದಿನ ಲೆಕ್ಕದಲ್ಲಿ, ಬ್ರಷ್ ಮಾಡಿದಾಗ ಒಸಡಿನ ತುಂಬಾ ರಕ್ತ ಬರುವವರಿಗೆ ಈ ಸಾಧ್ಯತೆ ಸುಮಾರು ಎಂಟು ಪಟ್ಟು ಇತ್ತು.

ಈಗ ಇವರ ಬಾಯಿಗೆ ಬರೋಣ. ದಂತ ವಿಭಾಗದವರು ನೋಡಿದಾಗ ಒಸಡು ಊದಿಕೊಂಡಿತ್ತು, ಮುಟ್ಟಿದರೆ ರಕ್ತ, ಹಲ್ಲಿನ ಬುಡದಲ್ಲಿ ಗಟ್ಟಿ ಪಾಚಿ, ಇನ್ನೂ ಎರಡು ಹುಳುಕು ಬೇರುಗಳು. ರಕ್ತ ಬರುತ್ತಿದ್ದದ್ದು ಎರಡು ಮೂರು ವರ್ಷದಿಂದ. ರಕ್ತ ಬರುತ್ತದಲ್ಲ ಅಂತ ಆ ಕಡೆ ಉಜ್ಜುವುದನ್ನೇ ಬಿಟ್ಟಿದ್ದರು. ಉಜ್ಜದೇ ಇದ್ದುದರಿಂದ ಪಾಚಿ ಜಾಸ್ತಿ, ಪಾಚಿಯಿಂದ ರಕ್ತ ಇನ್ನೂ ಜಾಸ್ತಿ. ಅಡಿಕೆ ಎಲೆ ಜಗಿದರೂ ಸಾಕು, ಅಂಥ ಒಸಡಿನಿಂದ ಬ್ಯಾಕ್ಟೀರಿಯಾ ಒಳಗೆ ಹೋಗುತ್ತದೆ.

ಇಷ್ಟು ವರ್ಷ ಯಾರೂ ಯಾಕೆ ಬಾಯಿ ನೋಡಲಿಲ್ಲ? ಇದಕ್ಕೆ ನಮ್ಮ ಸೀಮೆಯದ್ದೇ ಒಂದು ಕಾರಣ ಇದೆ. ಜಗಳೂರು, ಚಳ್ಳಕೆರೆ ಕಡೆಯ ಎಷ್ಟೋ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಜಾಸ್ತಿ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಇರಬಹುದು, ಬೇರೆ ನೀರೇ ಇಲ್ಲದಿದ್ದರೆ 1.5ರ ತನಕ ನಡೆಯುತ್ತದೆ ಅನ್ನುವುದು ನಮ್ಮ ದೇಶದ ಮಾನದಂಡ. ಅದನ್ನು ಮೀರಿದ ನೀರು ಕುಡಿದು ಬೆಳೆದ ಮಕ್ಕಳ ಹಲ್ಲಿನಲ್ಲಿ ಕಂದು ಕಲೆ ಉಳಿಯುತ್ತದೆ. ಇವರ ಹಲ್ಲಲ್ಲೂ ಇತ್ತು, ಅದರ ಮೇಲೆ ಎಲೆ ಅಡಿಕೆ ಬಣ್ಣ. "ನಮ್ ಕಡೆ ಎಲ್ಲರ್ ಹಲ್ಲೂ ಹಿಂಗೇ ಸರ್, ನೀರೇ ಹಂಗೆ" ಅಂದರು. ಕ್ಲಿನಿಕ್ಕಿನಲ್ಲೂ ಅದೇ ಅಂದುಕೊಂಡಿರಬೇಕು. ಆದರೆ ಫ್ಲೋರೈಡ್ ಕಲೆಯಿಂದ ಒಸಡಲ್ಲಿ ರಕ್ತ ಬರುವುದಿಲ್ಲ. ನೀರಿನ ದೋಷ ನೀರಿಗೆ, ಪಾಚಿಯ ದೋಷ ಪಾಚಿಗೆ. ಎರಡನ್ನೂ ಒಂದೇ ಬಣ್ಣ ಮುಚ್ಚಿತ್ತು.

ಇನ್ನು ತಾರೀಖು. ಹಲ್ಲು ಕಿತ್ತ ರಸೀದಿಗಿಂತ ಮೊದಲ ವಿಡಾಲ್ ರಿಪೋರ್ಟು ನಾಲ್ಕು ವಾರ ಹಿಂದಿನದು. ಆ ವಿಡಾಲ್‌ಗೂ ಎರಡು ವಾರ ಮುಂಚೆ ಜ್ವರ ಇತ್ತು. ಹಲ್ಲಿನ ಚಿಕಿತ್ಸೆಯಿಂದ ಎಂಡೋಕಾರ್ಡೈಟಿಸ್ ಬಂದರೆ ಸಾಮಾನ್ಯವಾಗಿ ಅದಾದ ಎರಡು ವಾರದೊಳಗೆ ಲಕ್ಷಣ ಶುರುವಾಗುತ್ತದೆ. ಇಲ್ಲಿ ಲಕ್ಷಣ ಮೊದಲು, ಹಲ್ಲು ಕಿತ್ತದ್ದು ಆಮೇಲೆ. ವಾಲ್ವ್ ಮೇಲೆ ಆಗಲೇ ಇದ್ದ ಮುದ್ದೆಗೆ ಆ ದಿನ ಇನ್ನಷ್ಟು ಬ್ಯಾಕ್ಟೀರಿಯಾ ಸೇರಿರಬಹುದು, ಅದನ್ನು ಅಲ್ಲಗಳೆಯುವುದಿಲ್ಲ. ಶುರು ಮಾಡಿದ್ದು ಅದಲ್ಲ. ಎರಡು ಚೀಟಿಗಳನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟಾಗ ಅಣ್ಣ ಬಹಳ ಹೊತ್ತು ನೋಡಿದರು. "ಹಂಗಾರೆ ಯಾರ್ದು ತಪ್ಪು ಸರ್?" ಅಂದರು. ಕೇಸಿನ ಮಾತು ಆಮೇಲೆ ಬರಲಿಲ್ಲ.

ದಂತವೈದ್ಯರು ಹೃದಯದ ಬಗ್ಗೆ ಕೇಳಬೇಕಿತ್ತು ಅನ್ನಬಹುದು. ಕೇಳಿದ್ದರೂ ಏನೂ ಇಲ್ಲ ಅಂತಲೇ ಉತ್ತರ ಬರುತ್ತಿತ್ತು. ತನ್ನ ವಾಲ್ವ್ ಕೆಟ್ಟಿದೆ ಅಂತ ರೋಗಿಗೇ ಗೊತ್ತಿರಲಿಲ್ಲವಲ್ಲ.

ಚಿಕಿತ್ಸೆ

ಪೆನಿಸಿಲಿನ್ ಬರುವ ಮುಂಚೆ ಈ ರೋಗ ಬಂದವರು ಉಳಿಯುತ್ತಲೇ ಇರಲಿಲ್ಲ ಅನ್ನಬಹುದು. ಈಗ ಬಗ್ಗುವ ತಳಿಯಾದರೆ ಹೆಚ್ಚಿನವರು ಉಳಿಯುತ್ತಾರೆ. ಆದರೆ ಮುದ್ದೆಯ ಒಳಗಿನ ತನಕ ಔಷಧಿ ಇಳಿಯಬೇಕು, ಹಾಗಾಗಿ ರಕ್ತನಾಳಕ್ಕೇ ಕೊಡಬೇಕು, ನಾಲ್ಕು ವಾರ ಬೇಕು. ಪೆನಿಸಿಲಿನ್ ಜಿ ಕೊಟ್ಟರೆ ನಾಲ್ಕು ಗಂಟೆಗೊಮ್ಮೆ ಚುಚ್ಚಬೇಕು. ಸೆಫ್ಟ್ರಯಾಕ್ಸೋನ್ ದಿನಕ್ಕೊಂದೇ ಸಲ 2 ಗ್ರಾಂ. ಅದನ್ನೇ ಆರಿಸಿದರು. ಕೊನೆಯ ಹತ್ತು ದಿನ ಮನೆಯಿಂದ ಬಂದು ಹಾಕಿಸಿಕೊಂಡು ಹೋಗಲು ಆಯಿತು. ನಾಲ್ಕು ವಾರವನ್ನು ಔಷಧಿ ಶುರುವಾದ ದಿನದಿಂದ ಎಣಿಸುವುದಿಲ್ಲ, ರಕ್ತದ ಕಲ್ಚರ್ ಮೊದಲ ಸಲ ಖಾಲಿ ಬಂದ ದಿನದಿಂದ ಎಣಿಸಬೇಕು. ಇವರಲ್ಲಿ ಅದು ಔಷಧಿಯ ಮೂರನೇ ದಿನ.

ಶಸ್ತ್ರಚಿಕಿತ್ಸೆ ಬೇಕಾ ಅನ್ನುವ ಚರ್ಚೆ ನಡೆಯಿತು. ಒಂದು ಚೂರು ಆಗಲೇ ಗುಲ್ಮಕ್ಕೆ ಹೋಗಿತ್ತು. ಆದರೆ ಮುದ್ದೆ 10 ಮಿಲಿಮೀಟರ್ ಮೀರಿರಲಿಲ್ಲ, ಹೃದಯ ಸೋತಿರಲಿಲ್ಲ, ಜ್ವರ ಐದನೇ ದಿನಕ್ಕೆ ನಿಂತಿತು. ಬೇಡ ಅಂತಾಯಿತು. ಎರಡನೇ ವಾರದ ಎಕೋದಲ್ಲಿ ಮುದ್ದೆ ಚಿಕ್ಕದಾಗಿತ್ತು. ಸೋರಿಕೆ ಹಾಗೇ ಇದೆ, ಹಾಗೇ ಇರುತ್ತದೆ.

ಉಳಿದ ಎರಡು ಹುಳುಕು ಬೇರುಗಳನ್ನು ಆಸ್ಪತ್ರೆಯಲ್ಲಿದ್ದಾಗಲೇ ತೆಗೆಸಬೇಕು ಅಂದಾಗ ರೋಗಿಯ ಗಂಡ ಹೌಹಾರಿದರು. ಹಲ್ಲು ಕೀಳಿಸಿ ಇಷ್ಟೆಲ್ಲ ಆಯಿತು, ಮತ್ತೆ ಹಲ್ಲಾ? ಆದರೆ ಅದಕ್ಕಿಂತ ಒಳ್ಳೆ ಸಮಯ ಸಿಗುವುದಿಲ್ಲ. ಆ ದಿನದ ಸೆಫ್ಟ್ರಯಾಕ್ಸೋನ್ ಹೋದ ಒಂದು ಗಂಟೆಯೊಳಗೆ ಎರಡೂ ಬೇರು ತೆಗೆದರು. ಇನ್ನೊಂದು ದಿನ ಪಾಚಿ ಕ್ಲೀನ್ ಮಾಡಿದರು. ಮೆತ್ತನೆ ಬ್ರಷ್ ಕೊಟ್ಟು, ರಕ್ತ ಬಂದರೂ ಬಿಡದೇ ಉಜ್ಜಿ ಅಂದರು. ಎರಡು ವಾರಕ್ಕೆ ರಕ್ತ ನಿಂತಿತ್ತು. ಕಡ್ಡಿಪುಡಿ ಬಿಟ್ಟಿದ್ದೇನೆ ಅನ್ನುತ್ತಾರೆ. ಎಲೆ ಅಡಿಕೆ ಬಗ್ಗೆ ಕೇಳಿದರೆ ನಗುತ್ತಾರೆ.

ಬಿಡುಗಡೆಯ ಕಾರ್ಡು

ಕೊನೆಗೆ ಉಳಿದದ್ದು ಮುಂದೆ ಹೀಗಾಗದಂತೆ ಏನು ಮಾಡಬೇಕು ಅನ್ನುವುದು. ಇಲ್ಲಿ ಎರಡು ಬ್ಯಾಕ್ಟೀರಿಯಾಕ್ಕೆ ಎರಡು ಏರ್ಪಾಡು ಬೇಕು, ಅವು ಒಂದಕ್ಕೊಂದು ತಗುಲಿಕೊಳ್ಳುತ್ತವೆ.

ಮೊದಲನೆಯದು ಗಂಟಲಿನ ಪಯೋಜೆನಿಸ್. ಮತ್ತೆ ರುಮ್ಯಾಟಿಕ್ ಜ್ವರ ಬಂದರೆ ವಾಲ್ವ್ ಇನ್ನೂ ಕೆಡುತ್ತದೆ. ವಾಲ್ವ್ ಕೆಟ್ಟವರಿಗೆ ಕನಿಷ್ಠ 40 ವರ್ಷದ ತನಕ ಪೆನಿಸಿಲಿನ್ ಕೊಡುವುದು ರೂಢಿ. ಶಾಲೆಗೆ ಹೋಗುವ ಇಬ್ಬರು ಮಕ್ಕಳು ಮನೆಯಲ್ಲಿದ್ದರೆ ಗಂಟಲು ಸೋಂಕು ಮನೆಗೆ ಬರುತ್ತಲೇ ಇರುತ್ತದೆ. ಹಾಗಾಗಿ ಬಿಟ್ಟುಹೋಗಿದ್ದ ಅದೇ ಸೊಂಟದ ಇಂಜೆಕ್ಷನ್, 12 ಲಕ್ಷ ಯೂನಿಟ್, ಮೂರು ವಾರಕ್ಕೊಮ್ಮೆ ಮತ್ತೆ ಶುರುವಾಯಿತು. ಮಕ್ಕಳಿಗೆ ಗಂಟಲು ನೋವು ಜ್ವರ ಬಂದರೆ ಅರಿಶಿನ ಹಾಲಿನ ಜೊತೆ ಡಾಕ್ಟರನ್ನೂ ಕಾಣಿಸಿ ಎಂದು ಹೇಳಿ ಕಳಿಸಿದರು.

ಎರಡನೆಯದು ಬಾಯಿಯ ಸ್ಯಾಂಗ್ವಿನಿಸ್. ರುಮ್ಯಾಟಿಕ್ ವಾಲ್ವ್ ಇದ್ದ ಮಾತ್ರಕ್ಕೆ ಹಲ್ಲಿನ ಚಿಕಿತ್ಸೆಗೆ ಮುಂಚೆ ಆ್ಯಂಟಿಬಯಾಟಿಕ್ ಬೇಡ ಎಂದು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2007ರಲ್ಲಿ ಪಟ್ಟಿ ಕಿರಿದು ಮಾಡಿತು. ನಮ್ಮಲ್ಲಿ ಅನೇಕ ಹೃದಯ ವೈದ್ಯರು ಇದನ್ನು ಒಪ್ಪದೇ ಈಗಲೂ ಕೊಡುತ್ತಾರೆ. ರುಮ್ಯಾಟಿಕ್ ರೋಗಿಗಳೇ ತುಂಬಿರುವ ನಮ್ಮ ವಾರ್ಡು ನೋಡಿದರೆ ಅವರ ಹಿಂಜರಿಕೆ ಅರ್ಥವಾಗುತ್ತದೆ. ಇವರ ವಿಷಯದಲ್ಲಿ ಆ ಜಗಳವೇ ಇಲ್ಲ. ಒಂದು ಸಲ ಎಂಡೋಕಾರ್ಡೈಟಿಸ್ ಬಂದವರು ಎಲ್ಲರ ಪಟ್ಟಿಯಲ್ಲೂ ಇದ್ದಾರೆ.

ಕಾರ್ಡಿನಲ್ಲಿ ಮೊದಲು ಬರೆದದ್ದು ರೂಢಿಯಂತೆ ಅಮಾಕ್ಸಿಸಿಲಿನ್ 2 ಗ್ರಾಂ. ಬಿಡುಗಡೆಗೆ ಮುಂಚೆ ಅದು ಲ್ಯಾಬಿನ ಅಭಿಪ್ರಾಯಕ್ಕೆ ಬಂತು. ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ತೆಗೆದುಕೊಳ್ಳುವವರ ಬಾಯಲ್ಲಿ ಪೆನಿಸಿಲಿನ್ನಿಗೆ ಬಗ್ಗದ ಸ್ಟ್ರೆಪ್ಟೋಕಾಕಸ್‌ಗಳೇ ಉಳಿದುಕೊಂಡು ಬೆಳೆದಿರಬಹುದು. ಅಮಾಕ್ಸಿಸಿಲಿನ್ ಕೂಡ ಅದೇ ವರ್ಗದ ಔಷಧಿ. ಗಂಟಲಿನ ಬ್ಯಾಕ್ಟೀರಿಯಾಕ್ಕೆ ಕೊಡುವ ಕಾವಲು ಬಾಯಿಯ ಬ್ಯಾಕ್ಟೀರಿಯಾಕ್ಕೆ ಕೊಡುವ ಔಷಧಿಯನ್ನು ಬದಲಿಸುತ್ತದೆ. ಹಾಗಾಗಿ ಬೇರೆ ವರ್ಗದ್ದು ಬೇಕು. ಆ ಸಾಲನ್ನು ಹೊಡೆದು ಹಾಕಿ ಕಾರ್ಡನ್ನು ಕನ್ನಡದಲ್ಲಿ ಹೊಸದಾಗಿ ಬರೆದುಕೊಟ್ಟರು. ಒಂದು ಪ್ರತಿ ರೋಗಿಗೆ, ಇನ್ನೊಂದು ಅಣ್ಣನ ಕೈಯಲ್ಲಿ ಅದೇ ದಂತವೈದ್ಯರಿಗೆ: "ಮೈಟ್ರಲ್ ವಾಲ್ವ್ ತೊಂದರೆ ಇದೆ. ಹಿಂದೆ ಎಂಡೋಕಾರ್ಡೈಟಿಸ್ ಆಗಿದೆ. ಹಲ್ಲು ಕೀಳುವ ಅಥವಾ ಒಸಡಿನ ಚಿಕಿತ್ಸೆಗೆ ಅರ್ಧದಿಂದ ಒಂದು ಗಂಟೆ ಮುಂಚೆ ಅಜಿತ್ರೋಮೈಸಿನ್ 500 ಮಿಲಿಗ್ರಾಂ. ಮೂರು ದಿನ ಮೀರಿ ಜ್ವರ ಬಂದರೆ ಮೊದಲು ರಕ್ತದ ಕಲ್ಚರ್, ಆಮೇಲೆ ಮಾತ್ರೆ."